ಕೆಂಪು ಮಣ್ಣಿನ ಮೇಲೆ ನಿಂತ ಶಿಲುಬೆ

ಕಳೆದ ವಾರ ಫೇರ್‌ಫ್ಯಾಕ್ಸ್‌ನ ನಮ್ಮ ಬೀದಿಯಲ್ಲಿ ಸಂಜೆ ಹೊತ್ತು ಕರೆಂಟು ಹೋಯಿತು. ಅಡುಗೆಮನೆಯ ಡ್ರಾಯರಿನಲ್ಲಿ ತಡಕಾಡಿದಾಗ ಒಂದು ದಪ್ಪ ಬಿಳಿ ಮೇಣದಬತ್ತಿ ಸಿಕ್ಕಿತು. ಒಲೆಯ ಪಕ್ಕದ ಗ್ರಾನೈಟ್ ಕಟ್ಟೆಯ ಮೇಲೆ ಅದನ್ನೇ ಹಚ್ಚಿಟ್ಟೆ. ಕರೆಂಟು ಬಂದ ಮೇಲೆ ಬತ್ತಿ ಆರಿಸಿ, ಕಲ್ಲಿಗೆ ಅಂಟಿದ್ದ ಮೇಣವನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದೆ. ಆಗ ಆ ವಾಸನೆ ಬಂತು. ಆಗತಾನೆ ಆರಿದ ಬತ್ತಿಯ ಹೊಗೆ, ಒದ್ದೆಯಾದ ಕಲ್ಲು, ಎರಡೂ ಬೆರೆತದ್ದು. ಕೈ ಅಲ್ಲೇ ನಿಂತಿತು. ಫೋರ್ಟ್ ಮಿಲ್‌ನ ಎದುರುಮನೆಯ ಆಂಟಿ, ಇಷ್ಟು ದಿನ ಎಲ್ಲಿದ್ದರೋ, ಬಂದು ನನ್ನ ಪಕ್ಕದಲ್ಲಿ ನಿಂತ ಹಾಗಾಯಿತು...

ಆಗ ನಾವು ಇನ್ನೂ ಫೋರ್ಟ್ ಮಿಲ್‌ನಲ್ಲಿದ್ದೆವು. ಕೆಲಸ ಚಾರ್ಲಟ್‌ನಲ್ಲಿ, ಮನೆ ರಾಜ್ಯದ ಗಡಿಯ ಈಚೆಗೆ. 2020ರ ಆ ವಸಂತದಲ್ಲಿ ದಿನವೂ ರಾಜ್ಯ ದಾಟಿ ಹೋಗಿಬರುವ ಓಡಾಟ ಒಮ್ಮೆಲೇ ನಿಂತುಹೋಗಿತ್ತು. ಮನೆಗಳ ಮುಂದೆ ನಿಂತ ಕಾರುಗಳ ಮೇಲೆ ಪೈನ್ ಮರಗಳ ಹಳದಿ ಪರಾಗ ಅರಿಶಿನ ಚೆಲ್ಲಿದಂತೆ ಕೂತಿರುತ್ತಿತ್ತು. ಯಾರೂ ಅದನ್ನು ಒರೆಸುತ್ತಿರಲಿಲ್ಲ. ಸೋಮವಾರ ಯಾವುದು, ಭಾನುವಾರ ಯಾವುದು ಎಂದು ನೆನಪಿಸಿಕೊಳ್ಳಬೇಕಾಗುತ್ತಿತ್ತು. ಆ ತಿಂಗಳುಗಳನ್ನು ಈಗ ನೆನೆದರೆ ನೀರಿನೊಳಗಿನಿಂದ ನೋಡಿದ ಹಾಗಿರುತ್ತದೆ. ಎಲ್ಲವೂ ನಿಧಾನ, ಎಲ್ಲವೂ ತುಸು ದೂರ.

ಒಂದು ಸಂಜೆ ಮೈಸೂರಿನಲ್ಲಿದ್ದ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾ ಬೀದಿಯಲ್ಲಿ ನಡೆಯುತ್ತಿದ್ದೆ. ಎದುರುಮನೆಯ ಜಗಲಿಯಲ್ಲಿ ಹತ್ತಿಯ ನೈಟಿಯ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದರು. ನಾನು ಫೋನು ಇಡುವ ತನಕ ಕಾದಿದ್ದು, ಮೆಲ್ಲಗೆ ಕೇಳಿದರು: "ನೀವು ಕನ್ನಡದವರಾ?"

ಅವರು ಬಂದು ಆಗಲೇ ಎರಡು ತಿಂಗಳಾಗಿತ್ತಂತೆ. ಮಗಳ ಬಾಣಂತನಕ್ಕೆಂದು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ಊರು ಉಡುಪಿಯಿಂದ ಉತ್ತರಕ್ಕೆ, ಕಡಲಿಗೆ ಹತ್ತಿರದ ಒಂದು ಹಳ್ಳಿ. ಕ್ರೈಸ್ತರು. ಮನೆಮಾತು ಕೊಂಕಣಿ. ಕನ್ನಡ ಮಾತ್ರ ಶಾಲೆಯ ಪುಸ್ತಕದಷ್ಟು ಅಚ್ಚುಕಟ್ಟು. ಇಂಗ್ಲಿಷು ಅರ್ಥವಾಗುತ್ತಿತ್ತು, ಆಡಲು ನಾಚಿಕೆ. ಗಂಡ ಊರಿನಲ್ಲಿ ತಮ್ಮನ ಸಂಸಾರದ ಜೊತೆ ಒಂದೇ ಅಂಗಳದಲ್ಲಿದ್ದರು. ಊರ ಚರ್ಚಿನ, ಅವರ ಮಾತಿನಲ್ಲಿ ಇಗರ್ಜಿಯ, ಹಾಡಿನ ತಂಡದಲ್ಲಿ ಪಿಟೀಲು ನುಡಿಸುವವರು. ದಿನವೂ ಫೋನು ಮಾಡಿ, ಮೀನು ಸಿಗುತ್ತಿಲ್ಲ, ಬರೀ ಒಣಮೀನು ತಿಂದು ನಾಲಿಗೆ ಸತ್ತಿದೆ ಎಂದು ದೂರುತ್ತಿದ್ದರಂತೆ. ಆಂಟಿ ಅದನ್ನು ಹೇಳುವಾಗ ನಗುತ್ತಿದ್ದರು.

ಅವರನ್ನು ಕಾಡುತ್ತಿದ್ದುದು ಬೇರೆ. ಚರ್ಚುಗಳು ಮುಚ್ಚಿದ್ದವು. ಮಗಳು ಭಾನುವಾರ ಟಿವಿಯಲ್ಲಿ ಪೂಜೆ ಹಾಕಿಕೊಡುತ್ತಿದ್ದಳು. ನಡುವೆ ಕಾರಿನ ಜಾಹೀರಾತು ಬಂದುಬಿಡುತ್ತಿತ್ತು. "ಟಿವಿ ಎದುರು ಮೊಣಕಾಲೂರಿದ್ರೆ ನಂಗೆ ನಾಚಿಕೆ ಆಗ್ತದೆ," ಎಂದರು ಒಂದು ದಿನ. "ಇಲ್ಲಿ ಎಲ್ಲಿಯಾದ್ರೂ ಬಯಲಲ್ಲಿ ಒಂದು ಶಿಲುಬೆ ಉಂಟಾ?"

ನನಗೆ ಒಂದು ನೆನಪಾಯಿತು. ಹಿಂದಿನ ವರ್ಷ ಪೀಚ್ ಹಣ್ಣು ಕೀಳಲು ಹೋದ ದಾರಿಯಲ್ಲಿ, ನಾಲ್ಕಾರು ಮನೆಗಳ ಒಂದು ಹಳೆಯ ಹಳ್ಳಿ ದಾಟಿದ್ದೆವು. ಬಿಳಿ ಬಣ್ಣದ ಮರದ ಚರ್ಚು, ಅದರ ಹಿಂದೆ ಇಳಿಜಾರಿನಲ್ಲಿ ಸಮಾಧಿಗಳು, ಅವುಗಳ ನಡುವೆ ಎದ್ದು ಕಾಣುವ ಒಂದು ಕಲ್ಲಿನ ಶಿಲುಬೆ. ಮುಂದಿನ ಭಾನುವಾರ ಆಂಟಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕಿಟಕಿಗಳನ್ನೆಲ್ಲ ಇಳಿಸಿ, ಇಬ್ಬರೂ ಮಾಸ್ಕ್ ತೊಟ್ಟು ಹೊರಟೆವು. ಬೆಳಗಿನ ಮಂಜು ಹೊಲಗಳಿಂದ ಇನ್ನೂ ಎದ್ದಿರಲಿಲ್ಲ. ದಾರಿಯುದ್ದಕ್ಕೂ ಒಂದು ಕಾರೂ ಎದುರಾಗಲಿಲ್ಲ.

ಮಂಜಿನಲ್ಲಿ ಆ ಶಿಲುಬೆ ನೆಲಕ್ಕೆ ತಾಗದೆ ತೇಲುತ್ತಿರುವಂತೆ ಕಂಡಿತ್ತು. ಸುತ್ತಲಿನ ಸಮಾಧಿಗಳೆಲ್ಲ ಸಾದಾ ಹಲಗೆಕಲ್ಲುಗಳು. ಇದೊಂದೇ ಬೇರೆ ಲೋಕದಿಂದ ಬಂದದ್ದು. ಅದರ ಮೂರು ತುದಿಗಳೂ ಅರಳಲಿರುವ ಮೊಗ್ಗುಗಳಂತೆ ಉಬ್ಬಿದ್ದವು. ಅಂಚಿನುದ್ದಕ್ಕೂ ಎಲೆಗಳು ಸುರುಳಿ ಸುತ್ತಿ ಒಂದರೊಳಗೊಂದು ಹೊರಳಿದ್ದವು. ನಡುವೆ ರೆಕ್ಕೆ ಬಿಚ್ಚಿದ ಒಂದು ಮಗುವಿನ ಮುಖ, ಕೆನ್ನೆ ಉಬ್ಬಿಸಿ ಇನ್ನೇನು ಊದಲಿರುವಂತೆ. ಬುಡದಲ್ಲಿ ಒಂದು ತಲೆಬುರುಡೆ, ಅಡ್ಡಡ್ಡ ಎರಡು ಮೂಳೆ. ಕಲ್ಲಿನ ಮೇಲೆ ಬರೆದಿದ್ದ ಅಕ್ಷರಗಳನ್ನು ಮಳೆಗಾಳಿ ಎಂದೋ ಅಳಿಸಿಹಾಕಿತ್ತು.

ಆಂಟಿ ಗೇಟಿನಲ್ಲೇ ನಿಂತುಬಿಟ್ಟರು. ಅವರೂರಿನ ಇಗರ್ಜಿಯ ಸಮಾಧಿಗಳ ನಡುವೆಯೂ ಇಂಥದೇ ಒಂದು ಇದೆಯಂತೆ, ಪೋರ್ಚುಗೀಸರ ಕಾಲದ್ದು. ಅದೇ ಸುರುಳಿಗಳು, ಅದೇ ಉಬ್ಬುಕೆನ್ನೆಯ ಮಗು, ಅದೇ ಬುರುಡೆ. ಅವರು ಹತ್ತಿರ ಹೋಗಿ ಕಲ್ಲಿಗೆ ಅಂಗೈ ಒತ್ತಿದರು. ನಾನು ಬುರುಡೆಯನ್ನು ನೋಡಿ ಹಿಂದೆ ಸರಿದದ್ದು ಅವರಿಗೆ ತಿಳಿಯಿತು.

"ಹೆದರ್ಬೇಡಿ. ಅದು ಆದಾಮಂದು," ಎಂದರು. "ಮೊದಲ ಮನುಷ್ಯಂದು. ಅವನ ಗೋರಿಯ ಮೇಲೆಯೇ ಸ್ವಾಮಿಯ ಶಿಲುಬೆ ನೆಟ್ಟದ್ದು ಅಂತ ಹಿರಿಯರು ಹೇಳ್ತಾರೆ. ಅಂದ್ರೆ ನಮ್ಮ ಎಲ್ಲರ ಅಜ್ಜ ಅಲ್ವಾ?"

ಆಮೇಲೆ ಭಾನುವಾರಗಳಿಗೆ ಮತ್ತೆ ಗುರುತು ಬಂತು. ಅವರು ಶಿಲುಬೆಯ ಎದುರು ಮೊಣಕಾಲೂರಿ ಕೊಂಕಣಿಯಲ್ಲಿ ಜಪಸರ ಎಣಿಸುತ್ತಿದ್ದರು. ನಾನು ಓಕ್ ಮರದಡಿ ಕೂತು ಆ ಗುನುಗನ್ನು ಕೇಳುತ್ತಿದ್ದೆ. ಆ ಮಾತುಗಳ ಅರ್ಥ ನನಗೆ ಆಗುತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಕೆಲವೊಮ್ಮೆ ತೂಕಡಿಸುತ್ತಿದ್ದೆ. ಎಚ್ಚರವಾದಾಗ ಅವರು ಪಕ್ಕದಲ್ಲಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿರುತ್ತಿದ್ದರು. ಅಲ್ಲಿಯ ನೆಲ ಕೆಂಪು. ಅವರೂರಿನದೂ ಹೀಗೇ ಕೆಂಪಂತೆ, ಮುರಕಲ್ಲಿನ ನೆಲ. ಚಪ್ಪಲಿಗೆ ಅಂಟಿದ ಮಣ್ಣನ್ನು ಅವರು ಕೊಡವುತ್ತಿರಲಿಲ್ಲ. ಮಗಳು ಬಾಗಿಲಲ್ಲೇ ಗದರುತ್ತಿದ್ದಳು.

ಒಮ್ಮೆ ಅವರು ನನ್ನನ್ನು ಕೇಳಿದ್ದರು, ನಿಮ್ಮಲ್ಲಿ ಸುಟ್ಟುಬಿಡುತ್ತೀರಿ, ಆಮೇಲೆ ಎಲ್ಲಿ ಹೋಗಿ ಕೂತುಕೊಳ್ಳುತ್ತೀರಿ ಎಂದು. ನಾನು ಅಪ್ಪನ ಬೂದಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟದ್ದನ್ನು ಹೇಳಿದೆ. ಹೊಳೆಯ ಹತ್ತಿರ ಹೋದರೆ ಅಪ್ಪ ನೆನಪಾಗುತ್ತಾರೆ ಎಂದೆ. ಅವರು "ನೀರು ನಿಲ್ಲುವುದಿಲ್ಲ ಅಲ್ಲ," ಎಂದಷ್ಟೇ ಹೇಳಿದರು...

ಜೂನ್ ತಿಂಗಳಲ್ಲಿ ಅವರ ಗಂಡನಿಗೆ ಜ್ವರ ಬಂತೆಂದು ಸುದ್ದಿ ಬಂತು. ಆಸ್ಪತ್ರೆಗೆ ಸೇರಿಸಿದರು, ಉಸಿರಾಟ ಕಷ್ಟವಾಗಿದೆ, ಹೀಗೆ ಒಂದರ ಹಿಂದೊಂದು ಫೋನು. ಅಳಿಯ ವಿಶೇಷ ವಿಮಾನಗಳಲ್ಲಿ ಸೀಟಿಗಾಗಿ ಹುಡುಕುತ್ತಲೇ ಇದ್ದ. ಸೀಟು ಸಿಗುವ ಮೊದಲೇ ಅಲ್ಲಿ ಎಲ್ಲ ಮುಗಿಯಿತು. ದಫನವನ್ನು ಮೈದುನನ ಮಗ ಫೋನಿನಲ್ಲಿ ತೋರಿಸಿದ. ಅಲ್ಲಿ ಮಳೆಯ ಮಧ್ಯಾಹ್ನ, ಇಲ್ಲಿ ಬೆಳಕು ಹರಿಯುವ ಹೊತ್ತು. ಬಿಳಿಯ ಉಡುಪಿನಲ್ಲಿ ಮೈಯೆಲ್ಲ ಮುಚ್ಚಿಕೊಂಡ ನಾಲ್ವರು, ಒಂದು ಕಪ್ಪು ಕೊಡೆ, ಕೆಂಪು ಗುಂಡಿ. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಮತ್ತೆ ಮತ್ತೆ ಮಾಡಿದರೂ ಫೋನು ಹೋಗಲಿಲ್ಲ. ಅಮ್ಮ ಅಳಲೇ ಇಲ್ಲ, ನಿಂತುಹೋದ ಆ ಚಿತ್ರವನ್ನೇ ನೋಡುತ್ತಾ ಕೂತಿದ್ದಾಳೆ ಎಂದು ಮಗಳು ನನಗೆ ಹೇಳಿ ಅತ್ತಳು.

ಅದೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಆಂಟಿ ತಾವೇ ಬೀದಿ ದಾಟಿ ಬಂದು ನಮ್ಮ ಬಾಗಿಲು ತಟ್ಟಿದರು. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಸೀರೆ ಉಟ್ಟಿದ್ದರು. ಮೇಲೆ ಮಗಳ ಕಪ್ಪು ಶಾಲು.

"ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?" ಅಲ್ಲಿಯವರೆಗೂ ನನ್ನನ್ನು ನೀವು ಎಂದೇ ಕರೆಯುತ್ತಿದ್ದವರು. "ಮಣ್ಣು ಹಾಕ್ಲಿಕ್ಕೆ ಉಂಟು."

ಗುಂಡಿಗೆ ಇಳಿಸಿದ ಮೇಲೆ ಮನೆಯವರು ಒಂದೊಂದು ಹಿಡಿ ಮಣ್ಣು ಹಾಕುವುದು ಅವರಲ್ಲಿ ವಾಡಿಕೆ. ಅದನ್ನು ಹಾಕದೆ ಆಂಟಿಗೆ ಗಂಡ ಹೋದದ್ದು ಮುಗಿದಿರಲಿಲ್ಲ. ಶಿಲುಬೆಯ ಬುಡದಲ್ಲಿ ಕೂತು ಬೆರಳಿನಿಂದಲೇ ನೆಲ ಕೆದಕಿದರು. ಬಿಸಿಲಿಗೆ ಗಟ್ಟಿಯಾಗಿದ್ದ ಜೇಡಿಮಣ್ಣು, ಬರಲೊಲ್ಲದು. ನಾನೂ ಪಕ್ಕದಲ್ಲಿ ಕೂತು ಕಾರಿನ ಕೀಲಿಯಿಂದ ಕೆದಕತೊಡಗಿದೆ. ಆಗ ಹಿಂದಿನಿಂದ ಪಿಕಪ್ ಟ್ರಕ್ ಬಂದು ನಿಂತ ಸದ್ದಾಯಿತು. ಇಳಿದು ಬಂದವರು ಕ್ಯಾಪ್ ಹಾಕಿದ್ದ ಒಬ್ಬ ಎತ್ತರದ ಬಿಳಿಯ ಮುದುಕರು, ಆ ಸಮಾಧಿಗಳ ಉಸ್ತುವಾರಿ ನೋಡುವವರು. ನೀವು ಯಾರು, ಇಲ್ಲೇನು ಅಗೆಯುತ್ತಿದ್ದೀರಿ ಎಂದು ಗಡುಸಾಗಿ ಕೇಳಿದರು. ಇಬ್ಬರು ಪರದೇಶದ ಹೆಂಗಸರು, ಬೇರೆಯವರ ಸ್ಮಶಾನ, ಕೈ ತುಂಬ ಮಣ್ಣು. ತೊದಲುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಕ್ಯಾಪ್ ತೆಗೆದರು. ತೀರಿಕೊಂಡವರ ಹೆಸರೇನು ಎಂದು ಕೇಳಿದರು. ಆಂಟಿ ಹೇಳಿದರು. ಮುದುಕರ ನಾಲಿಗೆಗೆ ಅದು ಒಗ್ಗಲಿಲ್ಲ. ಆಂಟಿ ಮಗುವಿಗೆ ಕಲಿಸುವಂತೆ ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಕೊನೆಗೆ ಸರಿಯಾಗಿ ಬಂದಾಗ, ಅವರು ಶಿಲುಬೆಯ ಕಡೆ ತಿರುಗಿ, ಆ ಹೆಸರನ್ನು ಒಮ್ಮೆ ಜೋರಾಗಿ, ಯಾರನ್ನೋ ಕರೆಯುವಂತೆ ಹೇಳಿದರು. ಆಮೇಲೆ ಟ್ರಕ್ಕಿನಿಂದ ಸಲಿಕೆ ತಂದು ನೆಲವನ್ನು ಸಡಿಲಿಸಿ ಕೊಟ್ಟು ದೂರ ಹೋಗಿ ನಿಂತರು. ಆಂಟಿ ಹಿಡಿ ಮಣ್ಣೆತ್ತಿ ಶಿಲುಬೆಯ ಬುಡಕ್ಕೆ ಹಾಕಿದರು. ಆಗ ಅತ್ತರು. ಅವರ ಅಳು ನಿಲ್ಲುವ ತನಕ ಮುದುಕರು ಬಿಸಿಲಿನಲ್ಲಿ ಬರಿತಲೆಯಲ್ಲೇ ನಿಂತಿದ್ದರು...

ಆ ಶಿಲುಬೆಯ ಕಥೆಯನ್ನು ನಮಗೆ ಹೇಳಿದವರೂ ಅವರೇ, ಮುಂದೊಂದು ಭಾನುವಾರ. ಅವರು ಅದನ್ನು ಕೇಳಿದ್ದು ತಮ್ಮ ಅಜ್ಜಿಯಿಂದ. ಬಹಳ ಹಿಂದೆ ಜರ್ಮನ್ ಸೀಮೆಯಿಂದ ಬಂದ ಒಬ್ಬ ರೈತ ಇಲ್ಲಿ ಹತ್ತಿ ಬೆಳೆಯುತ್ತಿದ್ದನಂತೆ. ಅವನ ಹೆಂಡತಿ ಅಲ್ಲಿಯ ಬೆಟ್ಟಗಳ ನಡುವಿನ ಒಂದು ಹಳ್ಳಿಯವಳು. ಈ ಬಯಲು ಸೀಮೆಯ ಸೆಕೆಗೆ ಅವಳು ಒಗ್ಗಲೇ ಇಲ್ಲ. ತೀರಿಕೊಳ್ಳುವ ಮೊದಲು, ನಮ್ಮೂರಿನ ಸಮಾಧಿಗಳ ಮಧ್ಯೆ ಇರುವ ಶಿಲುಬೆಯ ನೆರಳಿನಲ್ಲಿ ಮಲಗಬೇಕಿತ್ತು ಎಂದಳಂತೆ. ಕೆಲವು ಕಾಲದ ಮೇಲೆ ಆ ಹಳ್ಳಿಯ ಹಳೆಯ ಸ್ಮಶಾನವನ್ನು ತೆಗೆದುಹಾಕುತ್ತಿದ್ದಾರೆಂದು ಸುದ್ದಿ ಬಂದಾಗ, ಗಂಡ ಆ ಶಿಲುಬೆಯನ್ನೇ ಬೇಡಿ ಪಡೆದು, ಹಡಗಿನಲ್ಲಿ ಚಾರ್ಲ್‌ಸ್ಟನ್ ಬಂದರಿಗೂ ಅಲ್ಲಿಂದ ಗಾಡಿಯ ಮೇಲೆ ಇಲ್ಲಿಗೂ ತರಿಸಿದನಂತೆ. ಇದು ಬರೋಕ್ ಎಂಬ ಕಾಲದ ಕೆತ್ತನೆ, ಈ ದೇಶಕ್ಕಿಂತ ಹಳೆಯದು ಎಂದು ಯಾರೋ ಪ್ರೊಫೆಸರು ಬಂದು ನೋಡಿ ಹೇಳಿಹೋಗಿದ್ದರು. ಉಳಿದದ್ದರಲ್ಲಿ ನಿಜವೆಷ್ಟೋ ತಮಗೆ ತಿಳಿಯದು ಎಂದು ಮುದುಕರು ನಕ್ಕರು. ಆಂಟಿಗೆ ಅನುಮಾನವೇ ಇರಲಿಲ್ಲ. ಅಂದಿನಿಂದ ಆ ಹೆಂಡತಿಗಾಗಿಯೂ ಜಪಸರದಲ್ಲಿ ಒಂದು ಮಣಿ ಹೆಚ್ಚು ಎಣಿಸುತ್ತಿದ್ದರು.

ಅಕ್ಟೋಬರಿನ ಕೊನೆಯಲ್ಲಿ ದೊಡ್ಡ ಬಿರುಗಾಳಿ ಬೀಸಿತು. ನಮ್ಮ ಬೀದಿಯಲ್ಲೂ ಮರಗಳು ಉರುಳಿದವು. ಅದಾದ ಸ್ವಲ್ಪ ದಿನಕ್ಕೆ ನವೆಂಬರಿನ ಮೃತರ ದಿನ. ಅಂದು ಊರಿನಲ್ಲಿ ಪ್ರತಿ ಗೋರಿಯ ಮೇಲೂ ಮೇಣದಬತ್ತಿ ಹಚ್ಚುತ್ತಾರೆ, ಸಂಜೆಗೆ ಇಡೀ ಗುಡ್ಡ ಮಿಣುಕುತ್ತದೆ ಎಂದು ಆಂಟಿ ತಿಂಗಳಿಂದ ಹೇಳುತ್ತಿದ್ದರು. ನಾವು ಬತ್ತಿಗಳ ಪೊಟ್ಟಣ ಹಿಡಿದು ಹೋದರೆ, ಶಿಲುಬೆ ಇರಲಿಲ್ಲ. ಓಕ್ ಮರದ ಅರ್ಧ ಭಾಗ ಸೀಳಿ ಅದರ ಮೇಲೆ ಬಿದ್ದಿತ್ತು. ಕತ್ತರಿಸಿ ಸರಿಸಿದ ಕೊಂಬೆಗಳ ನಡುವೆ, ಒದ್ದೆ ಎಲೆಗಳ ಮೇಲೆ, ಶಿಲುಬೆ ಮೂರು ತುಂಡಾಗಿ ಮಲಗಿತ್ತು. ಉಬ್ಬುಕೆನ್ನೆಯ ಮಗು ಆಕಾಶ ನೋಡುತ್ತಿತ್ತು.

ಆಂಟಿ ತುಂಡುಗಳ ಮೇಲಿನ ಎಲೆಗಳನ್ನು ಒಂದೊಂದಾಗಿ ತೆಗೆದು, ಸೆರಗಿನಿಂದ ಕಲ್ಲು ಒರೆಸಿ, ಅಲ್ಲೇ ಬತ್ತಿಗಳನ್ನು ಹಚ್ಚಿದರು. ತುಂತುರು ಬಂತು. ಒಂದೊಂದೇ ಆರಿದವು. ಅವರು ಮತ್ತೆ ಹಚ್ಚಿದರು...

ಮುಂದಿನ ಭಾನುವಾರ ಆ ಚರ್ಚಿನವರೆಲ್ಲ ಹೊರಗೆ, ಹುಲ್ಲಿನ ಮೇಲೆ, ದೂರ ದೂರ ಕುರ್ಚಿ ಹಾಕಿಕೊಂಡು ಸೇರಿದ್ದರು. ನಾವು ಗೇಟಿನ ಬಳಿ ನಿಂತದ್ದನ್ನು ನೋಡಿ ಮುದುಕರು ಒಳಗೆ ಕರೆದರು. ಯಾವುದೋ ಮ್ಯೂಸಿಯಮ್ಮಿನವರು ತುಂಡುಗಳನ್ನು ಒಯ್ದು ಗಾಜಿನೊಳಗೆ ಇಡಲು ಒಪ್ಪಿದ್ದರಂತೆ. ಹೆಚ್ಚಿನವರ ಮನಸ್ಸು ಅತ್ತಲೇ ವಾಲಿತ್ತು. ಮತ್ತೆ ನಿಲ್ಲಿಸಿದರೆ ಯಾವತ್ತಾದರೂ ಮಕ್ಕಳ ಮೇಲೆ ಬಿದ್ದೀತು ಎಂಬ ಅವರ ಹೆದರಿಕೆಯೂ ಸುಳ್ಳಲ್ಲ. ಆಂಟಿ ನನ್ನ ತೋಳು ಹಿಡಿದು, ತಮಗೆ ಮಾತಾಡಲಿಕ್ಕುಂಟು, ನೀನು ಇಂಗ್ಲಿಷಿನಲ್ಲಿ ಹೇಳು ಎಂದರು.

ಅವರು ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಒಂದೊಂದು ಮಾತಿಗೂ ನಿಂತು ನನ್ನ ಕಡೆ ನೋಡುತ್ತಿದ್ದರು. "ನಮ್ಮ ಊರಿನ ಶಿಲುಬೆಗೆ ಒಮ್ಮೆ ಸಿಡಿಲು ಹೊಡೆದಿತ್ತು. ಒಂದು ಕೈಯ ತುದಿ ಹೋಯ್ತು. ಆದ್ರೂ ಯಾರೂ ಅದನ್ನು ತೆಗೀಲಿಲ್ಲ. ಈಗಲೂ ಹಾಗೆಯೇ ನಿಂತಿದೆ." ನಾನು ಹೇಳಿದೆ. "ಗಾಜಿನ ಒಳಗೆ ಇಟ್ಟರೆ ಜನ ನೋಡ್ತಾರೆ, ಹೋಗ್ತಾರೆ. ಅದರ ಎದುರು ಯಾರೂ ಕೂತ್ಕೊಳ್ಳುವುದಿಲ್ಲ." ಅದನ್ನೂ ಹೇಳಿದೆ. ಆಮೇಲೆ ಅವರು "ನನ್ನ ಗಂಡನಿಗೆ ನಾನು ಮಣ್ಣು ಹಾಕಿದ್ದು ಇಲ್ಲಿಯೇ," ಎಂದರು. ಅದನ್ನು ಇಂಗ್ಲಿಷಿಗೆ ತರಲು ನನ್ನಿಂದಾಗಲಿಲ್ಲ. ಆಂಟಿ ನೆಲ ತೋರಿಸಿದ್ದರಿಂದಲೇ ಅರ್ಥಮಾಡಿಕೊಂಡ ಮುದುಕರು ಎದ್ದು ತಮ್ಮ ಕಡೆಯವರಿಗೆ ಜೂನ್ ತಿಂಗಳ ಆ ದಿನವನ್ನು ಹೇಳಿದರು. ಗಾಳಿಗೆ ಎಲೆಗಳು ಉದುರುತ್ತಿದ್ದವು. ಕೊನೆಗೆ ಒಬ್ಬ ಹೆಂಗಸು, ಒಳಗೆ ಉಕ್ಕಿನ ಸರಳು ಕೊಟ್ಟು ಭದ್ರವಾಗಿ ನಿಲ್ಲಿಸುವವರು ಯಾರಾದರೂ ಇದ್ದಾರೆಯೇ, ಮೊದಲು ವಿಚಾರಿಸೋಣ ಎಂದರು.

ಚಳಿಗಾಲವಿಡೀ ಅದರ ಕೆಲಸ ನಡೆಯಿತು. ಅಷ್ಟರಲ್ಲಿ ಊರಿಗೆ ಹೋಗುವ ದಾರಿ ತೆರೆದಿತ್ತು. ಶಿಲುಬೆ ನಿಲ್ಲುವುದನ್ನು ನೋಡದೆ ಆಂಟಿ ಹೊರಡಲೊಪ್ಪಲಿಲ್ಲ. ಫೆಬ್ರುವರಿಯ ಕೊನೆಗೆ ಅದು ನಿಂತಿತು. ಎಡಗೈಯ ಮೊಗ್ಗು ಪುಡಿಯಾಗಿದ್ದರಿಂದ ಅದೊಂದಿಲ್ಲ. ತುಂಡು ಸೇರಿಸಿದ ಕಡೆ ಬೆಳ್ಳಗೆ ಗೆರೆ ಕಾಣುತ್ತಿತ್ತು. ಆಂಟಿ ಆ ಗೆರೆಯ ಮೇಲೆ ಬೆರಳಾಡಿಸಿ, "ಈಗ ಪೂರಾ ನಮ್ಮೂರಿನದರ ಹಾಗೆಯೇ ಆಯ್ತು," ಎಂದು ನಕ್ಕರು.

ಮಗಳಿಗೆ ಅವರು ಹೋಗುವುದು ಬೇಡವಾಗಿತ್ತು. ಒಂದು ಸಂಜೆ ನಮ್ಮ ಮನೆಗೆ ಬಂದು, "ಅಕ್ಕ, ನೀವಾದ್ರೂ ಕನ್ವಿನ್ಸ್ ಮಾಡಿ. ವ್ಯಾಕ್ಸಿನ್ ಸಿಗುವವರೆಗಾದ್ರೂ ಇರ್ಲಿ. ಅಲ್ಲಿ ಹೋಗಿ ಎಂತ ಮಾಡ್ಲಿಕ್ಕುಂಟು?" ಎಂದಳು. ನಾನು ಆಂಟಿಯ ಬಳಿ ಹೋಗಿ ಹೇಳಿದೆ, ಮೊಮ್ಮಗುವಿನ ಹೆಸರನ್ನೂ ಎತ್ತಿದೆ. ಅವರು ಮಗುವಿನ ಬಟ್ಟೆ ಮಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಇಲ್ಲಿ ನಾನು ಮಣ್ಣು ಹಾಕಿದ್ದೇನೆ. ಆದ್ರೆ ಅವರು ಇರುವುದು ಅಲ್ಲಿ," ಎಂದರು. "ಪಾಪ, ಒಬ್ಬರೇ ಮಲಗಿದ್ದಾರೆ."

ಮತ್ತೆ ನಾನು ಒತ್ತಾಯಿಸಲಿಲ್ಲ. ಮಾರ್ಚಿನಲ್ಲಿ ಅವರು ಹೋದರು. ಊರು ಸೇರಿದ ಮೇಲೆ ಒಂದು ಫೋಟೊ ಕಳಿಸಿದ್ದರು. ಅವರೂರಿನ ಶಿಲುಬೆ, ಅದರ ಹತ್ತಿರ ಹುಲ್ಲು ಮೊಳೆತಿದ್ದ ಒಂದು ಗೋರಿ, ಅದರ ಪಕ್ಕದಲ್ಲಿ ಕೂತ ಆಂಟಿ. ಮಾಸ್ಕ್ ಗಲ್ಲಕ್ಕೆ ಇಳಿದಿತ್ತು. ಅವರು ಅಷ್ಟು ನಿರಾಳವಾಗಿ ನಕ್ಕದ್ದನ್ನು ನಾನು ಇಲ್ಲಿ ನೋಡಿರಲಿಲ್ಲ.

ಮೇ ತಿಂಗಳಲ್ಲಿ ಅಲ್ಲಿ ಎರಡನೇ ಅಲೆ ಬಂದಾಗ ಅವರೂ ಹೋದರು. ಮಗಳು ನಮ್ಮ ಡ್ರೈವ್‌ವೇಯಲ್ಲಿ ನಿಂತು ಹೇಳಿದಳು. ಹೇಳಿ, ತಿರುಗಿ ಮನೆಗೆ ಹೋದಳು. ಕೆಲವು ದಿನಗಳ ಮೇಲೆ, ಶಿಲುಬೆಯ ಹತ್ತಿರ ಹೋಗಿಬರೋಣವೇ ಎಂದು ಕೇಳಿದೆ. "ಬೇಡ ಅಕ್ಕ. ಅದು ಅಮ್ಮಂದು," ಎಂದಳು. ಅವರ ಸಂಸಾರ ಆಮೇಲೆ ಟೆಕ್ಸಸ್ಸಿಗೆ ಹೋಯಿತು, ನಾವು ಇಲ್ಲಿಗೆ ಬಂದೆವು. ಒಬ್ಬಳೇ ಆ ಗೇಟು ತೆಗೆಯಲು ನನಗೂ ಮನಸ್ಸಾಗಿರಲಿಲ್ಲ.

ಕರೆಂಟು ಹೋದ ಆ ಸಂಜೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ಈ ಶನಿವಾರ ಅಟ್ಲಾಂಟದ ಹತ್ತಿರದ ಡುಲುತ್‌ನಲ್ಲಿರುವ ನಾದಿನಿಯ ಮನೆಗೆ ಹೋಗುವುದಿತ್ತು. ಚಾರ್ಲಟ್ ದಾಟಿದ ಮೇಲೆ ಅಟ್ಲಾಂಟದ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿಸಿದೆ. ಹಳ್ಳಿಯ ಅಂಚಿನ ತನಕ ಹೊಸ ಮನೆಗಳು ಬಂದಿವೆ. ಶಿಲುಬೆ ಇದೆ. ಸೇರಿಸಿದ ಗೆರೆಯ ಮೇಲೂ ಹಾವಸೆ ಹಬ್ಬಿ, ಹುಡುಕಿದರೂ ಕಾಣದ ಹಾಗಾಗಿದೆ. ಮುದುಕರು ಈಗ ಬಹಳ ಇಳಿದುಹೋಗಿದ್ದಾರೆ. ವಾಕರ್ ಪಕ್ಕಕ್ಕಿಟ್ಟು ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದರು. ಹುಲ್ಲು ಕತ್ತರಿಸುತ್ತಿದ್ದವರು ಬೇರೆ ಯಾರೋ. ನಾನು ಹೆಸರು ಹೇಳುವ ಮೊದಲೇ ಅವರು ಗುರುತು ಹಿಡಿದರು.

"ನಿಮ್ಮ ತಾಯಿ ಹೇಗಿದ್ದಾರೆ?" ಎಂದು ಕೇಳಿದರು.

ಇಷ್ಟು ವರ್ಷವೂ ಅವರು ಹಾಗೆಂದೇ ತಿಳಿದಿದ್ದರು. ನಾನು ತಿದ್ದಲಿಲ್ಲ. ತೀರಿಕೊಂಡರು, ಹೋದ ಎರಡೇ ತಿಂಗಳಿಗೆ ಎಂದೆ. ಹೇಳಿದ ಮೇಲೆ ತಿಳಿಯಿತು, ಈ ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದವರು ಯಾರೂ ಇರಲಿಲ್ಲ. ಆಂಟಿ ನನಗೆ ಏನಾಗಬೇಕು ಎಂದು ಯಾರಾದರೂ ಕೇಳಿದ್ದರೆ ಎದುರುಮನೆಯವರು ಎನ್ನುತ್ತಿದ್ದೆ. ಮುದುಕರು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಕೂತೆ. ಅಳು ಬಂತು. ಅವರು ಹೊಲದ ಕಡೆ ನೋಡುತ್ತಾ ಕೂತರು.